ದಾಟದ ಬಸ್ಸು

ಬೆನ್ನ ಹಿಂದೆ ಮತ್ತೆ ಅದೇ ಗುರುಗುರು, ಹತ್ತಿರವೂ ಬರುವುದಿಲ್ಲ, ದೂರವೂ ಆಗುವುದಿಲ್ಲ, ಮಾದೇಶನ ಬಸ್ಸು, ಇಪ್ಪತ್ತೊಂದು ಕಿಲೋಮೀಟರಿನ ಈ ಓಟದಲ್ಲಿ ಓಡಲಾಗದವರನ್ನು ಹತ್ತಿಸಿಕೊಳ್ಳುವ ಬಸ್ಸು, ಗುರುಪುರದಲ್ಲಿ ತಿರುಗಿದಾಗಿನಿಂದಲೂ ಹೀಗೇ — ಹದಿನೆಂಟನೇ ಕಿಲೋಮೀಟರಿನ ಹಲಗೆ ಈಗ ದಾಟಿತು, ಹುಣಸೂರು ಇನ್ನು ಮೂರೇ, ಮೊಣಕಾಲು ಸದ್ಯಕ್ಕೆ ತೆಪ್ಪಗಿದೆ, ಉಸಿರು ಸರಿಯಾಗಿದೆ, ಅರವತ್ತನಾಲ್ಕಕ್ಕೆ ಇದು ಕಡಿಮೆಯೇನಲ್ಲ. ಗಾಳಿಯಲ್ಲಿ ಹೊಗೆಸೊಪ್ಪು ಬೇಯುವ ವಾಸನೆ, ಹಾಗಾದರೆ ವರ್ಷ ತುಂಬಿತು, ಹೋದ ವರ್ಷ ಇದೇ ವಾಸನೆಯಲ್ಲೇ ಅಲ್ಲವೇ ಶುರುವಾಗಿದ್ದು, ಸಕ್ಕರೆ ಕಾಯಿಲೆಗೆ ನಡೀರಿ ಅಂದರು ಡಾಕ್ಟರು, ನಾಲ್ಕು ದಿನ ನಡೆದೆ, ಬೇಸರವಾಯಿತು, ಐದನೆಯ ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಬಿಟ್ಟೆ, ಯಾರೂ ಇಲ್ಲ ಅಂದುಕೊಂಡಿದ್ದು ನಾನು, ಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮೂರಿನ ಅರ್ಧ ಜನ ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಒಲೆಯ ಮುಂದೆ ಎದ್ದೇ ಇರುತ್ತಾರೆ, ಆಗ ಯಾರಾದರೂ ಓಡಿದರೆ ಅದಕ್ಕೆ ಒಂದೇ ಅರ್ಥ, ನಮ್ಮ ಬೀದಿಯ ಮಂಟಯ್ಯ ಕೊಡ ಹೊತ್ತು ನನ್ನ ಹಿಂದೆ, ಅವರ ಹಿಂದೆ ಅವರ ತಮ್ಮ, ಅವನ ಹಿಂದೆ ಬಕೆಟ್ಟು ಹಿಡಿದ ನಾಲ್ಕು ಹೆಂಗಸರು, ಕೆರೆ ಏರಿಯವರೆಗೂ ಬಂದು, ಯಾರ ಬ್ಯಾರನ್‌ಗೆ ಮೇಷ್ಟ್ರಮ್ಮ ಬೆಂಕಿ ಬಿದ್ದಿರದು ಅಂದರು, ಯಾರದ್ದೂ ಇಲ್ಲ, ಸುಮ್ಮನೆ ಓಡ್ತಿದ್ದೀನಿ ಅಂದೆ, ಕೊಡ ಇಳಿಸಿ ನನ್ನನ್ನೇ ನೋಡಿದರು, ಸುಮ್‌ಸುಮ್ಕೆ ಓಡ್ತರಾ ಯಾರಾರ, ಬುಡಿ, ನೀರು ತಂದಿದ್ದಾಯ್ತು, ಕುಡೀರಿ. ಕುಡಿದೆ. ಮಾರನೆಯ ದಿನದಿಂದ ಅವರ ಬ್ಯಾರನ್ನಿನ ಜಗಲಿಯ ಮೇಲೆ ಒಂದು ತಂಬಿಗೆ ನೀರು, ತಟ್ಟೆ ಮುಚ್ಚಿ, ಯಾರಿಗೆ ಅಂತ ಯಾರೂ ಹೇಳಲಿಲ್ಲ.

ಹೀಗೇ ವರ್ಷವೆಲ್ಲ, ಟಿಬೆಟನ್ ಕ್ಯಾಂಪಿನ ಅಜ್ಜಿ ನಾನು ದಾಟುವ ತನಕ ತನ್ನ ನಾಯಿಯನ್ನು ಕಾಲುಗಳ ನಡುವೆ ಒತ್ತಿಕೊಂಡು ನಿಲ್ಲುವುದು, ಸೊಸೆ ಉಷಾರಾಣಿ ತನ್ನ ಎರಡು ಚೂಡಿದಾರಿನ ಹೊಲಿಗೆ ಬಿಚ್ಚಿ ನನ್ನ ಅಳತೆಗೆ ಹೊಲಿದು ಮಂಚದ ಮೇಲೆ ಇಟ್ಟಿದ್ದು — ಆದರೆ ಭೇರ್ಯದ ಓಟ, ನೆನೆಯಬಾರದು ಅಂದುಕೊಂಡರೂ ಬರುತ್ತದೆ, ಫೆಬ್ರವರಿಯ ಹತ್ತು ಕಿಲೋಮೀಟರ್, ಏಳರಲ್ಲಿ ಮೊಣಕಾಲು ಕೈಕೊಟ್ಟಿತು, ಜೀಪಿನಲ್ಲಿ ಕೂತು ಬಂದೆ, ಆದರೂ ವೇದಿಕೆಗೆ ಕರೆದು ಪದಕ ಹಾಕಿದರು, ದೊಡ್ಡೋರು ಬಂದಿದ್ದೇ ಹೆಚ್ಚು ಅಂದರು, ಚಪ್ಪಾಳೆ, ನಾನೂ ನಕ್ಕೆ, ವಾಪಸು ಬರುವಾಗ ಬಿಚ್ಚಿ ಚೀಲದ ತಳಕ್ಕೆ ಹಾಕಿದೆ, ಓಡದ ಮೂರು ಕಿಲೋಮೀಟರು ಅದರಲ್ಲಿ ಭಾರವಾಗಿತ್ತು. ಇವತ್ತು ಹಾಗಲ್ಲ. ಇವತ್ತು ನಿಯಮ ಸರಳ, ಬಸ್ಸು ಗೊತ್ತುಮಾಡಿದ ವೇಗದಲ್ಲಿ ಬರುತ್ತದೆ, ಅದಕ್ಕಿಂತ ಮೊದಲು ಹುಣಸೂರಿನ ಗೆರೆ ಮುಟ್ಟಿದವರು ಓಡಿದವರು, ಉಳಿದವರು ಅಲ್ಲ. ಮುಟ್ಟುತ್ತೇನೆ, ಅದರಲ್ಲಿ ಅನುಮಾನವಿಲ್ಲ — ಆದರೆ ಈ ಗುರುಗುರು ಯಾಕೆ ಬದಲಾಗುವುದಿಲ್ಲ, ಹಿಂದಿನ ಏರಿನಲ್ಲಿ ನಾನು ನಡೆದೆ, ಎರಡು ನಿಮಿಷ ನಡೆದೆ, ಆಗಲೂ ಅಷ್ಟೇ ದೂರ, ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳಿಗೆ ಇದು ಈಗ ಹೊಳೆಯುತ್ತಿದೆ. ನಿಂತೆ. ಬಸ್ಸೂ ನಿಂತಿತು.

ಕಿಟಕಿಯಲ್ಲಿ ಮಾದೇಶನ ತಲೆ, ಎಂಟನೇ ಕ್ಲಾಸಿನ ಕೊನೆಯ ಬೆಂಚು, ಈಗ ಮೀಸೆಯಲ್ಲಿ ಬಿಳಿ, ಈ ಹೊತ್ತಿಗೆ ನೀನು ಎಲ್ಲಿರಬೇಕಿತ್ತಪ್ಪ ಅಂದೆ, ಅವನು ಸ್ಟೇರಿಂಗು ನೋಡಿಕೊಂಡು, ಅಗಳಿ, ಮುಂದೆ ಕಾಣ್ತದಲ್ಲ, ಆ ಮೋರಿ ತಾವ ಮೇಡಂ, ಇನ್ನೂರು ಮೀಟ್ರು ಅಷ್ಟೆಯಾ, ಮತ್ತೆ ಇಲ್ಲೇಕಿದ್ದೀಯ ಅಂದರೆ, ನಿಮ್ಮುನ್ನ ದಾಟ್ಕಂಡು ಎಂಗೋಗ್ಲಿ ಮೇಡಂ, ನಿಮ್ ಕಂಡ್ರೆ ಸೈಕಲ್ ಇಳ್ದು ಇಂದ್ಗಡೆ ತಳ್ಕಂಡು ಬತ್ತಿದ್ದೋ, ಇವತ್ತು ಬಸ್ ನುಗ್ಸನಾ. ಹೌದು, ಇಳಿಯುತ್ತಿದ್ದರು, ಶಾಲೆಯ ಗೇಟಿನ ತನಕ ನನ್ನ ಹಿಂದೆ ಸಾಲಾಗಿ, ನಾನು ನಿಧಾನ ನಡೆದ ದಿನ ಎಷ್ಟು ಮಕ್ಕಳಿಗೆ ತಡವಾಯಿತೋ, ಆದರೆ ಚೀಲದ ತಳಕ್ಕೆ ಇನ್ನೊಂದು ಪದಕ ಬೇಡ — ಮಾದೇಶ, ದಾಟು. ಬ್ಯಾಡಿ ಮೇಡಂ. ನಾನು ಹೇಳ್ತಿದ್ದೀನಿ, ನೀನಿರಬೇಕಾದ ಕಡೆಗೆ ಹೋಗು, ಈಗ ಮಾತಾಡಿದ ಹೊತ್ತನ್ನೂ ಸೇರಿಸ್ಕೊ, ಅಲ್ಲಿಂದ ಗಡಿಯಾರ ನೋಡ್ಕೊಂಡು ಓಡಿಸು, ನನ್ನ ನೋಡ್ಬೇಡ.

ದಾಟಿತು, ದಾಟುವಾಗ ಅವನು ಟೋಪಿ ತೆಗೆದದ್ದು ಕಂಡಿತು, ಧೂಳು, ಈಗ ಹಿಂದೆ ಏನೂ ಇಲ್ಲ, ಮುಂದೆ ಬಸ್ಸಿನ ಬೆನ್ನು, ಬೆನ್ನಿಗೆ ಅಂಟಿದ ಕಬ್ಬಿಣದ ಏಣಿ, ಟಾಪಿಗೆ ಹತ್ತುವುದು, ಇಷ್ಟು ದೂರದಿಂದ ಬರೀ ಒಂದು ಕಪ್ಪು ಗೆರೆ, ತೋಳು ಬೀಸು, ರಸ್ತೆ ಇಳಿಯುತ್ತಿದೆ, ಇಳಿಯಲಿ, ಏಣಿ, ಒಂದು ಗೆರೆಯಲ್ಲ, ಎರಡು, ಪೆಟ್ರೋಲ್ ಬಂಕಿನ ಹತ್ತಿರ ಯಾರೋ ಟೀ ಲೋಟ ಹಿಡಿದೇ ಎದ್ದು ನಿಂತರು, ಏಣಿ, ನಡುವೆ ಅಡ್ಡ ಸರಳುಗಳು, ಐದೋ ಆರೋ, ಮೊಣಕಾಲು ಏನೋ ಹೇಳುತ್ತಿದೆ, ಆಮೇಲೆ ಕೇಳುತ್ತೇನೆ, ಏಣಿ, ಆರು, ಆರೇ, ಮೂರನೆಯದಕ್ಕೆ ಒರೆಸುವ ಬಟ್ಟೆ ಕಟ್ಟಿದ್ದಾನೆ, ಹಸಿರು ಬಟ್ಟೆ, ಗಂಟು, ಗಂಟು ಕಾಣುತ್ತಿದೆ, ಏಣಿಯ ಮೂರನೆಯ ಸರಳು, ಹಸಿರು ಬಟ್ಟೆಯ ಗಂಟು —