ಪಾರಿವಾಳದ ಓದಿಲ್

ಓದಿಲ್ ವೆರ್‌ಹಾಗೆ ಎಂಬವನು ಆಕಾಶ ನೋಡುತ್ತಲೇ ಮಾತನಾಡುತ್ತಿದ್ದ. ಎದುರಿಗೆ ಪಾದ್ರಿಯಿರಲಿ, ಮುನಿದ ಹೆಂಡತಿಯಿರಲಿ, ಅವನ ಗದ್ದ ಮೇಲೆತ್ತಿಯೇ ಇರುತ್ತಿತ್ತು. ಫ್ಲಾಂಡರ್ಸಿನ ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಅವನ ನೆರೆಯವನು. ಫ್ರಾನ್ಸಿನಲ್ಲಿ ಹಾರಿಬಿಟ್ಟ, ಮನೆಗೆ ಮರಳಿ ಬರುವ ತನ್ನ ಪಂದ್ಯದ ಪಾರಿವಾಳಗಳಿಗಾಗಿ ಭಾನುವಾರವೆಲ್ಲ ಹಿತ್ತಿಲಲ್ಲಿ ಕಾಯುವಾಗ ತೊಡುತ್ತಿದ್ದ ಬೂದು ಕೋಟನ್ನು ಅವನು ಒಗೆಯಲು ಕೊಟ್ಟವನಲ್ಲ. ವಾಸನೆ ಬದಲಾದರೆ ಹಕ್ಕಿಗಳು ಬೆದರುತ್ತವೆಂಬುದು ಅವನ ಹಟ.

ಸಿಗರೇಟು ಮುಟ್ಟದವನ ಕೆಮ್ಮನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಹಿತ್ತಿಲ ಪಾರಿವಾಳದ ಗೂಡಿನ ಹನ್ನೊಂದು ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲುವಂತಾದಾಗ ಹೆಂಡತಿ ಅಲೀದಾ ಬಲವಂತದಿಂದ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದಳು. ಫಲಿತಾಂಶದ ದಿನ ಕಾರು ನಡೆಸಿದವನು ನಾನು. ಕ್ಯಾನ್ಸರ್ ಎಂಬ ಶಬ್ದ ದಾರಿಯುದ್ದಕ್ಕೂ ಮೂವರ ನಾಲಿಗೆಯ ತುದಿಯಲ್ಲಿತ್ತು.

ವೈದ್ಯೆ ಪರದೆಯ ಮೇಲೆ ಶ್ವಾಸಕೋಶವನ್ನು ಪದರುಪದರಾಗಿ ಸರಿಸಿದರು. ಗಡ್ಡೆಯಿರಲಿಲ್ಲ, ಅಲೀದಾ ನಿಟ್ಟುಸಿರುಬಿಟ್ಟಳು. ಆದರೆ ಎಲ್ಲೆಡೆ ಮಬ್ಬು ಗಾಜಿನಂಥ ಮಸುಕು, ಅಲ್ಲಲ್ಲಿ ಮಾಗಿದ ಗಾಯದಂಥ ಬಿಳಿ ಎಳೆಗಳು.

"ಮನೇಲಿ ಹಕ್ಕಿ ಸಾಕಿದೀರಾ?"

"ನಲವತ್ತಾರಿವೆ. ಯಾಕೆ, ನಿಮಗೊಂದು ಬೇಕಾ?" ಎಂದ ಓದಿಲ್.

ವೈದ್ಯೆ ನಗಲಿಲ್ಲ. "ಅವುಗಳ ಪುಕ್ಕದ ಧೂಳು, ಒಣಗಿದ ಹಿಕ್ಕೆ ಪುಡಿ ನಿಮ್ಮ ಎದೆ ಹಾಳು ಮಾಡಿದೆ. ರಕ್ತಪರೀಕ್ಷೇಲೂ ಅದೇ ಬಂದಿದೆ. ಗಟ್ಟಿಯಾದ ಜಾಗ ಮತ್ತೆ ಸರಿಹೋಗಲ್ಲ. ಉಳಿದದ್ದು ಉಳೀಬೇಕಂದ್ರೆ ಹಕ್ಕಿಗಳನ್ನ ಬಿಡಬೇಕು."

ಓದಿಲ್ ಎಂದ: "ಸೇದಿದ್ರೆ ಬೈಸ್ಕೋಬಹುದಿತ್ತು. ನಾನು ಅವಕ್ಕೆ ಕಾಳು ಹಾಕಿದೆ, ಅಷ್ಟೇ."

ಆ ವಾರವೇ ಹಕ್ಕಿಗಳೆಲ್ಲ ಮೂವತ್ತು ಕಿಲೋಮೀಟರು ದೂರದ ಗೆಳೆಯನ ಗೂಡು ಸೇರಿದವು. ಇಲ್ಲಿಯ ಗೂಡನ್ನು ಕೆಡವಿಸಿದರು. ಹೊಸ ಗೂಡು ರೂಢಿಯಾಗಲೆಂದು ಗೆಳೆಯ ಆರು ವಾರ ಕೂಡಿಹಾಕಿ ಹೊರಬಿಟ್ಟ ಮಧ್ಯಾಹ್ನವೇ ಹದಿಮೂರು ಪಾರಿವಾಳಗಳು ಹಿಂತಿರುಗಿ, ಗೂಡಿಲ್ಲದ ಹಿತ್ತಿಲ ಮೇಲೆ ಸುತ್ತಿ ಸುತ್ತಿ, ಅಡುಗೆಮನೆಯ ಕಿಟಕಿಯ ಹೊರಗೆ ಸಾಲಾಗಿ ಕುಳಿತವು. ನಾನು ಓಡಿಹೋದಾಗ ಓದಿಲ್‌ನ ಕೈ ಚಿಲಕದ ಮೇಲಿತ್ತು.

"ತೆಗೀಬೇಡ ಕಣೋ," ಅಲೀದಾ ಅಂಗಲಾಚಿದಳು. "ನಿಂಗೆ ಕೈ ಮುಗೀತೀನಿ."

"ಒಂದೂ ದಾರಿ ತಪ್ಪಿಲ್ಲ ನೋಡೇ," ಎಂದವನೇ ಅವನು ತಾನೇ ಪರದೆ ಎಳೆದು, ಬಂದು ಒಯ್ಯುವಂತೆ ಗೆಳೆಯನಿಗೆ ಫೋನು ಮಾಡಿದ. ಒಳಗಿನಿಂದ ನಾವು ಕೊಕ್ಕು ಗಾಜಿಗೆ ತಾಗುವ ಸದ್ದನ್ನು ಕೇಳುತ್ತ ನಿಂತೆವು.

ಕೆಮ್ಮು ಈಗ ತಗ್ಗಿದೆ. ಹಾಳಾದದ್ದು ಹಾಗೆಯೇ ಇದೆ. ದುಶ್ಚಟದಿಂದ ಆರೋಗ್ಯ ಕೆಡಿಸಿಕೊಂಡವರಿಗೆ ಶಪಿಸಲು ಏನಾದರೊಂದು ಸಿಗುತ್ತದೆ. ಒಂದೇ ಒಂದು ನಿಷ್ಕಪಟ ಪ್ರೀತಿಯನ್ನು ಉಸಿರಾಡಿ ಬದುಕಿದ ಇಂಥವರು, ಅದನ್ನು ತೊರೆದ ಮೇಲೂ ಅದರ ಮೇಲೊಂದು ದೂರು ಹೇಳಲಾರರು. ಅವರ ಪರವಾಗಿ ನಾವೇ ಸಿಟ್ಟಾಗಬೇಕು, ಆದರೆ ಯಾರ ಮೇಲೆ?