ಗಂಡಸಿನ ರಕ್ತ

ಶಾಮಣ್ಣನ ಬಾಯಿ ಮುಚ್ಚಿಸಲು ಮೂವರು ಹೆಣಗುತ್ತಿದ್ದರು. ಒಬ್ಬ ಗಲ್ಲವನ್ನು ಮೇಲಕ್ಕೆ ಒತ್ತಿ ಹಿಡಿದಿದ್ದ, ಇನ್ನೊಬ್ಬ ನೆತ್ತಿಯನ್ನು ಅದುಮಿದ್ದ, ಮೂರನೆಯವನು ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕುತ್ತಿದ್ದ. ಕೈ ಬಿಟ್ಟ ಕೂಡಲೇ ಬಾಯಿ ಮತ್ತೆ ತೆರೆದುಕೊಳ್ಳುತ್ತಿತ್ತು.

"ಬುಡ್ರಪ್ಪ, ಅದು ಮುಚ್ಚಕಿಲ್ಲ," ಎಂದಳು ಗೋಡೆಗೊರಗಿ ಕುಳಿತಿದ್ದ ಪಕ್ಕದ ಮನೆಯ ದೇವಿರಮ್ಮ. "ಐವತ್ತು ವರ್ಸದಿಂದ ತೆಗ್ದೇ ಇದ್ದ ಬಾಯಿ. ಚಾಮುಂಡಿ ಬೆಟ್ಟ ಕಿತ್ತು ತಂದು ತಲೆ ಮೇಲಿಟ್ರೂ ಅಷ್ಟೇಯ."

ಹೆಣದ ತಲೆಯ ಬಳಿ ಕುಳಿತಿದ್ದ ಮಂಗಳಮ್ಮ ತುಟಿ ಕಚ್ಚಿಕೊಂಡಳು. ಅತ್ತಳೆಂದು ತಿಳಿದು ಇಬ್ಬರು ಹೆಂಗಸರು ಅವಳ ಬೆನ್ನು ಸವರಿದರು. ಅವಳು ಅತ್ತಿರಲಿಲ್ಲ.

ನಗರಸಭೆಯಲ್ಲಿ ಜವಾನನಾಗಿದ್ದ ಶಾಮಣ್ಣ ಭಾನುವಾರ ಮಧ್ಯಾಹ್ನ ಹೆಂಡತಿಯ ತಮ್ಮನ ಮನೆಯಲ್ಲಿ ಎಂದಿನಂತೆ ಎರಡು ಬಟ್ಟಲು ಕಾಲುಸೂಪು ಕುಡಿದು ಬಂದು ಮಲಗಿದವನು ಸೋಮವಾರ ಏಳಲಿಲ್ಲ. ಮಕ್ಕಳಿರಲಿಲ್ಲ. ಇದ್ದದ್ದು ನಜರ್‌ಬಾದಿನ ಗಲ್ಲಿಯಲ್ಲಿ ಹೆಂಚಿನ ಮನೆಯೊಂದು, ಆ ಮನೆಯ ನೆಲದ ಮೇಲೆ ಕುಳಿತು ದಿನವಿಡೀ ಊದುಬತ್ತಿ ಹೊಸೆಯುವ ಮಂಗಳಮ್ಮ, ಮತ್ತು ಒಂದು ಕೀರ್ತಿ. ಆ ಕೀರ್ತಿ ಎಂಥದೆಂಬುದನ್ನು ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದವನು ಮಂಗಳಮ್ಮನ ತಮ್ಮ ಮಹದೇವು.

"ಭಾವಾ! ಮೈಯ್ಯಾಗಿನ ರಕ್ತ ಬಸ್ದು ಕೊಟ್ಟು ನನ್ನ ಉಳಿಸ್ದೆ! ನೀನೇ ಹೊಂಟೋದ್ಯಾ!"

ಮಹದೇವು ಪೈಲ್ವಾನ. ನಲವತ್ತು ದಾಟಿದ್ದರೂ ಎಣ್ಣೆ ಹಚ್ಚಿ ಬಾಚಿದ ಗುಂಗುರು ಕೂದಲು, ಬಾಗಿಲಲ್ಲಿ ಓರೆಯಾಗಿ ನುಸುಳಬೇಕಾದಂಥ ಭುಜ. ಹಿಂದೆ ಗರಡಿಯ ಎಂಟು ಜನ ಶಿಷ್ಯರು. ಹೆಣದ ಮೇಲೆ ಬಿದ್ದು ಗೋಳಾಡಿದ ಅಬ್ಬರಕ್ಕೆ ಆಗತಾನೇ ಬಿಗಿದಿದ್ದ ಗಂಟು ಮತ್ತೆ ಬಿಚ್ಚಿತು. ಕಣ್ಣು ಒರೆಸಿಕೊಂಡು ಎದ್ದವನೇ ಕುಲದ ಯಜಮಾನ ಮರಿಸ್ವಾಮಪ್ಪನ ಮುಂದೆ ಕೈಮುಗಿದು ನಿಂತ.

"ಯಜಮಾನ್ರೇ, ಮಕ್ಕಳಿಲ್ಲದೆ ಹೋದ ಅಂತ ಯಾರೂ ಆಡ್ಕೋಬಾರ್ದು. ಬೆಂಕಿ ಮಡಕೆ ನಾನೇ ಹಿಡೀತೀನಿ, ತಲೆನೂ ಬೋಳಿಸ್ಕೋತೀನಿ. ಭಾವನ ರಕ್ತ ಈ ಮೈಲಿ ಹರೀತಾ ಅದೆ. ಮಗ ಅಂದ್ರೆ ಇನ್ನೇನು?"

"ಭೇಷ್," ಎಂದ ಮರಿಸ್ವಾಮಪ್ಪ. "ಗಂಡು ಅಂದ್ರೆ ನೀನಪ್ಪ."

ಹೆಣದ ಮುಂದೆ ಬೆಂಕಿಯ ಮಡಕೆ ಹಿಡಿದು ನಡೆದವನಿಗೆ ಸತ್ತವನ ಮನೆ ಸೇರುವುದು ಆ ಕುಲದಲ್ಲಿ ನಡೆದು ಬಂದ ಪದ್ಧತಿ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮರೆತೂ ಇರಲಿಲ್ಲ.

ಮಹದೇವುವಿನ ಹೆಂಡತಿ ಪುಟ್ಟತಾಯಮ್ಮ ಆಗಲೇ ಮನೆಯ ಮುಂದಿನ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ ಬಂದು ಮಂಗಳಮ್ಮನ ಪಕ್ಕ ಕುಳಿತಳು.

"ಅಕ್ಕ, ಇನ್ಮೇಲೆ ನಿಮಗ್ಯಾಕೆ ಒಂಟಿ ಒಲೆ? ನಮ್ಮನೆ ಹಿತ್ಲಲ್ಲಿ ಜಾಗ ಅದೆ. ಗರಡಿ ಹೈಕಳಿಗೆ ಮುದ್ದೆ ತೊಳ್ಸೋಕೂ ಒಬ್ರು ಬೇಕಿತ್ತು. ಈ ಗೋಡೆ ಒಡ್ದು ನಮ್ಮ ಅಳಿಯಂದ್ರು ಸೈಕಲ್ ಶಾಪ್ ಇಡ್ತಾರಂತೆ."

"ಮೈ ಇನ್ನೂ ಬೆಚ್ಚಗದೆ ಪುಟ್ಟತಾಯಿ."

"ಅದಕ್ಕೇ ಈಗ್ಲೇ ಹೇಳ್ದೆ ಕಣಕ್ಕ. ಆಮೇಲೆ ನಿಮಗೆ ಯೋಚ್ನೆ ಆಗ್ಬಾರ್ದಲ್ಲ."

ಮಂಗಳಮ್ಮ ಗಂಡನ ಮುಖವನ್ನು ನೋಡಿದಳು. ಅದು ತೆರೆದ ಬಾಯಲ್ಲಿ, ಯಾರಿಗೋ ಏನನ್ನೋ ಹೇಳಲು ಹೊರಟಂತೆಯೇ ಇತ್ತು.

*

ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ಓಡುತ್ತಿರುವ ಜಟಕಾವನ್ನು ಒಂದೇ ಕೈಯಲ್ಲಿ ನಿಲ್ಲಿಸುತ್ತೇನೆಂದು ಪಂಥ ಕಟ್ಟಿ ಮಹದೇವು ಬೀದಿಗೆ ಇಳಿದ. ಜಟಕಾ ನಿಲ್ಲಲಿಲ್ಲ. ಚಕ್ರದ ಕಬ್ಬಿಣದ ಪಟ್ಟಿ ತೊಡೆಯನ್ನು ಸೀಳಿತು. ಗರಡಿಯವರು ಹತ್ತು ಜನ ಅವನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತಂದರು.

"ರಕ್ತ ಬಹಳ ಹೋಗಿದೆ. ಬೇರೆಯವರದು ಹಾಕಬೇಕು, ಯಾರು ಕೊಡ್ತೀರಿ?" ಎಂದು ಡಾಕ್ಟರು ಕೇಳಿ, ಕೈ ತೊಳೆದು ತಿರುಗುವಷ್ಟರಲ್ಲಿ ಹತ್ತು ಜನರಲ್ಲಿ ನಾಲ್ವರು ಉಳಿದಿದ್ದರು. ಒಬ್ಬನಿಗೆ ನಂಜನಗೂಡಿನ ಹರಕೆಯಿತ್ತು. ಒಬ್ಬನ ತಾಯಿಗೆ ಆ ಗಳಿಗೆಯಲ್ಲೇ ಜ್ವರ ಬಂತು. ಒಬ್ಬ ತನಗೆ ಹಿಂದಿನ ವರ್ಷ ಕಾಮಾಲೆಯಾಗಿತ್ತೆಂದ. ಕೇಳಿಸಿಕೊಂಡ ನಾಲ್ಕನೆಯವನು ತನಗೂ ಆಗಿತ್ತೆಂದ. ದಿನಕ್ಕೆ ಎರಡು ಸೇರು ಹಾಲು ಕುಡಿಯುವ ದೇಹಗಳೆಲ್ಲ ರೋಗದ ಗೂಡಾಗಿದ್ದವು.

ಮಂಗಳಮ್ಮ ಕಂಬದ ಮರೆಯಲ್ಲಿದ್ದ ಗಂಡನನ್ನು ಹುಡುಕಿ ರಟ್ಟೆ ಹಿಡಿದು ಎಳೆತಂದಳು. ಜೊತೆಗೆ ಬಂದಿದ್ದ ದೇವಿರಮ್ಮ ಹಿಂದಿನಿಂದ ದಬ್ಬಿದಳು. ನರ್ಸು ಬೆರಳಿಗೆ ಸೂಜಿ ಚುಚ್ಚಿ, ಸಾಸಿವೆಯಷ್ಟು ರಕ್ತವನ್ನು ಗಾಜಿನ ಮೇಲೆ ಇಟ್ಟುಕೊಂಡಳು. ಶಾಮಣ್ಣ ಅದನ್ನು ನೋಡಿದ. ನೋಡುತ್ತಲೇ ಗೋಡೆಗುಂಟ ಜಾರಿ ಕುಳಿತ, ಕುಳಿತಲ್ಲೇ ಮಲಗಿದ.

"ಇವರದು ಬೇಡ," ಎಂದರು ಡಾಕ್ಟರು. "ತೂಕ ಸಾಲದು, ರಕ್ತವೂ ತೆಳು. ಇವರಿಗೇ ಯಾರಾದರೂ ಕೊಡಬೇಕು. ನೀವು ಯಾರಮ್ಮ, ಅಕ್ಕನಾ? ಎಲ್ಲಿ, ಬೆರಳು ಕೊಡಿ."

ಮಂಗಳಮ್ಮನದು ಹೊಂದಿತು. ಒಂದು ಬಾಟ್ಲು ತೆಗೆದರು.

ಅವಳು ಒಳಗೆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಗ ಆಳು ಒಂದು ಲೋಟ ಬಿಸಿ ಹಾಲು, ಎರಡು ಬಾಳೆಹಣ್ಣು ತಂದ. "ರಕ್ತ ಕೊಟ್ಟೋರಿಗೆ," ಎಂದ. ಎಚ್ಚರವಾಗಿ ಬೆಂಚಿನ ಮೇಲೆ ಕುಳಿತಿದ್ದ ಶಾಮಣ್ಣ, "ಅವಳಿಗೆ ಹಾಲು ಸೇರಕಿಲ್ಲ, ಇತ್ತ ಕೊಡಿ," ಎಂದು ತೆಗೆದುಕೊಂಡ. ಹಾಲು ಕುಡಿದು ಎರಡನೆಯ ಬಾಳೆಹಣ್ಣು ಸುಲಿಯುವಾಗ ಅಪಾಯ ಕಳೆದ ಸುದ್ದಿ ತಿಳಿದ ಶಿಷ್ಯರು ಒಬ್ಬೊಬ್ಬರಾಗಿ ಹಿಂದಿರುಗಿದರು.

"ಯಾರು ಕೊಟ್ರಣ್ಣ?"

ಶಾಮಣ್ಣ ಮೊಣಕೈಯ ಒಳಮಗ್ಗುಲನ್ನು ಮೆಲ್ಲಗೆ ತಿಕ್ಕಿಕೊಂಡ, ಅಷ್ಟೆ. ಶಿಷ್ಯರು ಕಾಲಿಗೆ ಬಿದ್ದರು.

ಮಂಗಳಮ್ಮ ಅಂದೇ ಹೇಳಿಬಿಡುತ್ತಿದ್ದಳು. ಆದರೆ ಸಂಜೆ ಕಣ್ಣು ಬಿಟ್ಟ ಮಹದೇವು ನೀರು ಕೇಳಲಿಲ್ಲ, ತಾಯಿಯನ್ನು ಕೇಳಲಿಲ್ಲ.

"ಅಕ್ಕ, ಹಾಕಿರೋದು ಯಾರ ರಕ್ತ? ಗಂಡಸಿಂದು ತಾನೆ?"

"ಯಾಕೋ?"

"ಹೆಂಗಸಿನ ರಕ್ತ ಮೈಗೆ ಸೇರಿದ್ರೆ ಪಟ್ಟು ಸಡ್ಲ ಆಯ್ತದಂತೆ ಕಣಕ್ಕ. ಅಖಾಡಕ್ಕೆ ಇಳಿಯಂಗಿಲ್ಲ. ಮೀಸೆನೂ ಉದ್ರೋಯ್ತದಂತೆ. ಉಸ್ತಾದ್ರೇ ಹೇಳವ್ರೆ."

ಅವನ ಕಣ್ಣಲ್ಲಿ ನೀರಿತ್ತು. ಎತ್ತಿ ಆಡಿಸಿದ ತಮ್ಮ.

"ನಿಮ್ಮ ಭಾವಂದೇ. ಮಲ್ಕೋ," ಎಂದಳು ಮಂಗಳಮ್ಮ. ಬಾಗಿಲಲ್ಲಿ ನಿಂತಿದ್ದ ದೇವಿರಮ್ಮನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

*

ಅಲ್ಲಿಂದ ಹದಿಮೂರು ವರ್ಷ ಪ್ರತಿ ಭಾನುವಾರ, ಹೋದ ರಕ್ತ ಊರಲೆಂದು, ಪೈಲ್ವಾನನ ಮನೆಯಲ್ಲಿ ಶಾಮಣ್ಣನಿಗೆ ಕಾಲುಸೂಪು. ಯುಗಾದಿಗೆ ಪಂಚೆ. ಪಿತೃಪಕ್ಷದ ಊಟದಲ್ಲಿ ಮೊದಲ ಎಲೆ. ಮನೆಯಲ್ಲಿ ಮಂಗಳಮ್ಮನಿಗೆ ಸೊಪ್ಪಿನ ಸಾರು. ಮೊದಲ ವರ್ಷ ಅವನು ಕೊಟ್ಟಿದ್ದ ರಕ್ತ ಒಂದು ಪಾವು ಇತ್ತು. ಗಣರಾಜ್ಯದ ಎರಡನೇ ಚುನಾವಣೆಯ ಹೊತ್ತಿಗೆ ಒಂದು ಸೇರಾಯಿತು. ಆಮೇಲೆ ಕೊಳಗಕ್ಕೆ ಏರಿತು. ಇಲಿಯನ್ನು ಹುಲಿ ಮಾಡಿ ಹೇಳುವ ದೇವಿರಮ್ಮನೇ, "ಸ್ವಲ್ಪ ನೋಡ್ಕೊಂಡು ಹೇಳಿ ಅಣ್ಣ, ಕನ್ನಂಬಾಡಿ ತೂಬು ಎತ್ತಿದ್ರೂ ಅಷ್ಟು ಬರಕಿಲ್ಲ," ಎನ್ನುತ್ತಿದ್ದಳು.

ಚೀನಾ ಯುದ್ಧವಾದಾಗ ಸೈನಿಕರಿಗೆಂದು ರಕ್ತ ಕೇಳಿಕೊಂಡು ಜನ ಬೀದಿಗೆ ಬಂದರು. ಗಲ್ಲಿಯವರೆಲ್ಲ ಒಂದೇ ಬಾಯಲ್ಲಿ ಶಾಮಣ್ಣನನ್ನು ಮುಂದೆ ಮಾಡಿದರು.

"ನಂದು ಮನೆತನಕ್ಕೆ ಮೀಸಲು," ಎಂದು ಅವನು ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಅದನ್ನೂ ಜನ ದೊಡ್ಡ ಗುಣವೆಂದರು.

*

ಚಟ್ಟ ಕಟ್ಟಿ ಮುಗಿದಿತ್ತು. ಜಗಲಿಯ ಮೇಲೆ ಮಹದೇವು ಮೈಬಿಟ್ಟು ಕುಳಿತಿದ್ದ. ಕ್ಷೌರದವನು ತಲೆಗೆ ನೀರು ತಟ್ಟಿ, ಬಲಗಡೆಯಿಂದ ಕತ್ತಿ ಎಳೆಯುತ್ತಿದ್ದ. ಗುಂಗುರು ಕೂದಲು ತೊಡೆಯ ಮೇಲೆ ರಾಶಿ ಬೀಳುತ್ತಿತ್ತು.

ಮಂಗಳಮ್ಮ ಹೊಸ್ತಿಲು ದಾಟಿ ಬಂದಳು.

"ಮಹದೇವು, ಏಳಪ್ಪ. ಬೆಂಕಿ ನೀನು ಹಿಡಿಯೋದು ಬೇಡ."

"ಯಾಕಕ್ಕ? ಭಾವನ ರಕ್ತ..."

"ಅವರ ರಕ್ತ ಡಾಕ್ಟ್ರು ಬೇಡ ಅಂದ್ರು. ಬೆರಳು ಚುಚ್ಚಿದ್ದಕ್ಕೇ ಬಿದ್ದೋದ್ರು. ನಿನ್ನ ಮೈಲಿರೋದು ನಂದು. ಅದನ್ನ ಹೇಳ್ಕೊಂಡು ನನ್ನ ಮನೆ ಗೋಡೆ ಒಡೀತೀಯಲ್ಲ, ಅದಕ್ಕೇ ಹೇಳ್ದೆ. ಇಲ್ದಿದ್ರೆ ಸಾಯೋಗಂಟ ಹೇಳ್ತಿರ್ಲಿಲ್ಲ."

ಕತ್ತಿ ನಿಂತಿತು. ಬಲಗಡೆ ಬುರುಡೆ ತೊಳೆದಿಟ್ಟ ತಪ್ಪಲೆಯಂತಿತ್ತು, ಎಡಗಡೆ ಗುಂಗುರು ಹಾಗೇ ಇತ್ತು.

"ದುಃಖದಲ್ಲಿ ಏನೇನೋ ಮಾತಾಡ್ತಾವ್ಳೆ," ಎಂದ ಮಹದೇವು ನಗಲು ನೋಡುತ್ತ.

"ಕಣ್ಣಲ್ಲಿ ಕಂಡೋರು ಯಾರಾದ್ರೂ ಅವ್ರಾ?" ಎಂದ ಮರಿಸ್ವಾಮಪ್ಪ.

"ನಾನಿವ್ನಿ," ಎಂದು ದೇವಿರಮ್ಮ ಎದ್ದಳು. "ಹದಿಮೂರು ವರ್ಸ ಆಣೆಗೆ ಸಿಕ್ಕಿ ಬಾಯಿ ಕಟ್ಕೊಂಡಿದ್ದೆ. ಈಗ ಆಣೆ ಹಾಕ್ಸಿದೋಳೇ ಬಾಯಿ ಬುಟ್ಟವ್ಳೆ."

ಹೊರಗೆ ನಿಂತಿದ್ದ ಗಂಡಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ತೆಂಗಿನಮರದಷ್ಟು ಉದ್ದದ ಹಾವು ಕಂಡವಳು, ಆನೆ ಗಾತ್ರದ ಹೆಗ್ಗಣ ಹೊಡೆದವಳು ದೇವಿರಮ್ಮ.

"ಎಷ್ಟು ತೆಗೆದ್ರಮ್ಮ?" ಎಂದ ಒಬ್ಬ. "ಒಂದು ಹಂಡೆನಾ, ಎರಡಾ?"

"ಒಂದು ಬಾಟ್ಲು," ಎಂದಳು ದೇವಿರಮ್ಮ. "ಅಷ್ಟೇಯ."

ನಗು ನಿಂತಿತು. ದೇವಿರಮ್ಮನ ಬಾಯಿಂದ 'ಒಂದು' ಎಂಬ ಮಾತು ಆ ಗಲ್ಲಿಯಲ್ಲಿ ಯಾರೂ ಕೇಳಿರಲಿಲ್ಲ. ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮರಿಸ್ವಾಮಪ್ಪ ಮೀಸೆ ನೀವಿಕೊಂಡ.

"ಮಹದೇವು, ರಕ್ತದ ಮೇಲೆ ಅಲ್ವಾ ನೀನು ಹಕ್ಕು ಕೇಳಿದ್ದು? ಸರಿ. ನನ್ನ ಮೈಲಿರೋದು ಅಕ್ಕನ ರಕ್ತ, ನಾನು ಅಕ್ಕನ ಮಗ ಇದ್ದಂಗೆ ಅಂತ ಇಷ್ಟು ಜನದ ಮುಂದೆ ಹೇಳು. ಬೆಂಕಿ ಹಿಡಿ. ಬೇಡ ಅನ್ನೋರು ಯಾರು?"

ಮಂಗಳಮ್ಮನ ಮುಖ ಬಿಳಿಚಿತು. ಅವಳು ಇದನ್ನು ಎಣಿಸಿರಲಿಲ್ಲ. ಒಂದು ಮಾತು ಒಪ್ಪಿಕೊಂಡರೆ ಮನೆ ಅವನದೇ ಆಗುತ್ತಿತ್ತು.

"ಒಪ್ಕೋಳ್ರೀ!" ಪುಟ್ಟತಾಯಮ್ಮ ಒಳಗಿನಿಂದ ಓಡಿಬಂದಳು. "ಯಾವ ರಕ್ತ ಆದ್ರೇನು? ಊಂ ಅಂದ್ಬುಡಿ!"

ಮಹದೇವು ಗೋಡೆಯನ್ನು ನೋಡಿದ. ಆಮೇಲೆ ಶಿಷ್ಯರನ್ನು ನೋಡಿದ. ಎಂಟು ಜನರೂ ನೆಲ ನೋಡುತ್ತಿದ್ದರು. ಒಬ್ಬ ಮಾತ್ರ ಟವಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದ, ಅವನ ಹೊಟ್ಟೆ ಕುಲುಕುತ್ತಿತ್ತು. ಮಹದೇವುವಿನ ಕೈ ತಾನಾಗಿಯೇ ಮೀಸೆಗೆ ಹೋಗಿ, ಅದು ಇದೆಯೇ ಎಂದು ಮುಟ್ಟಿ ನೋಡಿತು.

"ನನ್ನ ಮೈಲಿ ಹೆಂಗಸಿನ ರಕ್ತ ಇಲ್ಲ!" ಎಂದು ಅವನು ಅಬ್ಬರಿಸಿ ಎದ್ದ. "ಅಕ್ಕಂದೂ ಇಲ್ಲ, ಭಾವಂದೂ ಇಲ್ಲ! ಯಾವ ನನ್ಮಗನ ರಕ್ತನೂ ಇಲ್ಲ! ಎಲ್ಲಾ ನಂದೇ!"

"ಹಂಗಾದ್ರೆ ನೀನು ಹೆಂಡ್ತಿ ತಮ್ಮ," ಎಂದ ಮರಿಸ್ವಾಮಪ್ಪ. "ಹೆಂಡ್ತಿ ತಮ್ಮಂಗೆ ಮಡಕೆ ಇಲ್ಲ. ಪಕ್ಕಕ್ಕೆ ಬಾ."

ಪುಟ್ಟತಾಯಮ್ಮ ಜಗಲಿಯ ಮೇಲೆ ಕುಸಿದು, ಆ ದಿನ ಮೊದಲ ಬಾರಿಗೆ ನಿಜವಾಗಿ ಅತ್ತಳು.

"ನಾನೇ ಹಿಡೀತೀನಿ," ಎಂದಳು ಮಂಗಳಮ್ಮ.

"ಹೆಂಗಸ್ರು ಹಿಡಿದಿದ್ದಿಲ್ವಲ್ಲವ್ವ ನಮ್ಮಲ್ಲಿ."

"ಗಂಡಸ್ರು ಹಿಡಿದಿದ್ದು ನೋಡಿದ್ವಲ್ಲ ಈಗ," ಎಂದಳು ದೇವಿರಮ್ಮ.

ಮರಿಸ್ವಾಮಪ್ಪನಿಗೆ ಬಿಸಿಲೇರುತ್ತಿತ್ತು, ಹಸಿವಾಗಿತ್ತು. ಅವನು ಕೈ ಬೀಸಿ ಹೊರಡಿ ಎಂದ. ಮಂಗಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಕೆ ಎತ್ತಿಕೊಂಡಳು. ಶಿಷ್ಯರು ಗುರುವಿನ ಕಡೆ ನೋಡದೆ ಚಟ್ಟಕ್ಕೆ ಹೆಗಲು ಕೊಟ್ಟರು.

ಹೆಣ ಮಸಣದ ಕಡೆ ತಿರುಗಿದಾಗ ಮಹದೇವು ಎದುರು ದಿಕ್ಕಿಗೆ, ತನ್ನ ಮನೆಯ ಕಡೆಗೆ ನಡೆದ. ಕ್ಷೌರದವನು ಕತ್ತಿ ಹಿಡಿದೇ ಹಿಂದೆ ಓಡಿ, "ಪೈಲ್ವಾನ್ರೇ, ಇನ್ನರ್ಧ?" ಎಂದ. ಅದನ್ನು ಬೋಳಿಸಿಕೊಂಡರೆ ಮಗನೆಂದು ಒಪ್ಪಿದಂತೆ. ಮಹದೇವು ನಿಲ್ಲಲಿಲ್ಲ.

ದೊಡ್ಡ ರಸ್ತೆಯಲ್ಲಿ ಎಡಗಡೆಯಿಂದ ಬಂದ ಜಟಕಾದವನು ಲಗಾಮು ಎಳೆದು, "ನಮಸ್ಕಾರ ಪೈಲ್ವಾನ್ರೇ, ಈ ಸಲ ದಸರಾ ಕುಸ್ತಿಗೆ ಇಳೀತೀರಾ?" ಎಂದು ಕೂಗಿದ. ಅದೇ ಹೊತ್ತಿಗೆ ಬಲಗಡೆಯಿಂದ ಬಂದ ಮುದುಕನೊಬ್ಬ ಮೆಟ್ಟು ಕಳಚಿ ನಿಂತು, ತಗ್ಗಿದ ದನಿಯಲ್ಲಿ, "ಯಾರಪ್ಪ ಹೋಗಿದ್ದು?" ಎಂದು ಕೇಳಿದ.