ಮುತ್ತಣ್ಣನ ಗಾಡಿಯ ಕ್ಲಚ್ಚು

ಪೀಣ್ಯಕ್ಕೆ ಮೆಟ್ರೋ ಬಂದ ವರ್ಷ. ಆಯುಧಪೂಜೆ ಕಳೆದ ವಾರ, ಬೆಳಿಗ್ಗೆ ನಲ್ಲಿ ನೀರು ಬಿಡುವ ಹೊತ್ತಿನಲ್ಲಿ, ಲಗ್ಗೆರೆಯ ನಮ್ಮ ಮನೆ ಮುಂದೆ ಮುತ್ತಣ್ಣನ ಗಾಡಿ ಹಟ ಹಿಡಿಯಿತು. ಕ್ಲಚ್ಚಿನ ಹಿಡಿ ಒತ್ತಿದರೆ ಒಳಗೇ ಕೂತಿತು, ವಾಪಸ್ ಬರಲಿಲ್ಲ.

ಮುತ್ತಣ್ಣ ಕುಷ್ಟಗಿ ಕಡೆಯವನು. ನಮ್ಮ ಮಾಳಿಗೆಯ ರೂಮಿನಲ್ಲಿ ಬಾಡಿಗೆಗಿದ್ದು ಪೀಣ್ಯದ ಕಾರ್ಖಾನೆಗೆ ಹೋಗುತ್ತಿದ್ದ. ದೀಪಾವಳಿ ಕಳೆದ ಮೇಲೆ ಹೊಸಪೇಟೆಯಲ್ಲಿ ಬೇರೆ ಕೆಲಸ ಗೊತ್ತಾಗಿತ್ತು. ಗಾಡಿ ಹಳೆಯ ವಿದೇಶಿ ಬೈಕು, ಆಸೆಪಟ್ಟು ಕೊಂಡದ್ದು; ಅದರ ಮೇಲೇ ಹೋಗಬೇಕೆಂದು ಅವನ ಹಂಬಲ. ನನ್ನ ಹೆಂಡತಿ ಅಂಜಿನಮ್ಮನಿಗೆ ಬೇರೆ ಹಂಬಲ. ನಮಗೆ ಮಕ್ಕಳಿಲ್ಲ. ಹೋಗುವವನು ಮನಸ್ಸು ಮುರಿದುಕೊಳ್ಳದೆ ಹೋದರೆ ಮತ್ತೆ ಬರುತ್ತಾನೆ ಎಂಬುದು ಅವಳ ನಂಬಿಕೆ.

ಆ ಗಾಡಿಯ ಕ್ಲಚ್ಚಿಗೆ ವೈರಿಲ್ಲ. ಹಿಡಿಯ ಪಕ್ಕ ಒಂದು ಪುಟ್ಟ ಬಟ್ಟಲು. ಅದರೊಳಗಿನ ಆಯಿಲ್ಲು ಪೈಪಿನಲ್ಲಿ ಇಳಿದು ಕೆಳಗಿನ ಕ್ಲಚ್ಚನ್ನು ಒತ್ತಬೇಕು.

"ಗಾಳಿ ಹೊಕ್ಕಿರಬೇಕು, ಕಾಕಾ," ಎಂದ ಮುತ್ತಣ್ಣ. ಕೆಳಗಿನ ನಟ್ಟಿಗೆ ಟ್ಯೂಬು ಸಿಕ್ಕಿಸಿ ತುದಿಯನ್ನು ಬಾಟಲಿಗಿಟ್ಟ. ನಾನು ಹಿಡಿಯನ್ನು ಈಚೆಗೆ ಎಳೆದು ಎಳೆದು ಒತ್ತುವುದು, ಅವನು ನಟ್ಟು ಸಡಿಲಿಸುವುದು. ಗುಳ್ಳೆ ಬರಲಿಲ್ಲ; ಗಾಳಿಯ ತಂಟೆಯಲ್ಲ.

ಆಮೇಲೆ ಬಟ್ಟಲಿನ ಮುಚ್ಚಳ ಬಿಚ್ಚಿದ. ಆಯಿಲ್ಲಿನ ಮೇಲೆ ಮತ್ತೊಂದು ಎಣ್ಣೆ, ಸಾರಿನ ಮೇಲಿನ ಒಗ್ಗರಣೆಯಂತೆ ತೇಲುತ್ತಿತ್ತು. ಬೆರಳದ್ದಿ ಮೂಸಿ, ನನ್ನ ಮೂಗಿಗೂ ಹಿಡಿದ. ಎಳ್ಳೆಣ್ಣೆ! ಬಿಚ್ಚಿ ತೆಗೆದರೆ, ಒಳಗಿನ ರಬ್ಬರು ಆ ಎಣ್ಣೆಗೆ ನೆನೆಸಿದ ಅವರೆಕಾಳಿನಂತೆ ಉಬ್ಬಿ ಸಿಕ್ಕಿಕೊಂಡಿತ್ತು.

"ಪೂಜಿ ದಿನ ಇದನ್ನ ತುಂಬಿಸಿದ್ದು ನೀವಲ್ಲೇನು?"

"ನಾನು ಮುಟ್ಟೇ ಇಲ್ಲ ಕಣಪ್ಪ."

ಕಾಫಿ ತಂದ ಅಂಜಿನಮ್ಮ ಅಲ್ಲೇ ನಿಂತಳು.

"ನಾನೇ ಉಯ್ದೆ ಕಣಪ್ಪ. ಗಾಡಿ ತೊಳೀತಾ ಮುಚ್ಚಳ ತೆಗೆದಿಟ್ಟು, ಫೋನು ಬಂತು ಅಂತ ಹೋದೆ ನೀನು. ಬಟ್ಲಲ್ಲಿ ಎಣ್ಣೆ ತಳ ಕಂಡಿತ್ತು. ದೀಪ ಅಂಗಿದ್ರೆ ಯಾರಾದ್ರೂ ಬಿಡ್ತಾರಾ? ಹಬ್ಬದ ದಿನ ಬೇರೆ..."

ಮುತ್ತಣ್ಣ ರಬ್ಬರನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಕೋಪ ನುಂಗುವುದಕ್ಕೂ ಮನುಷ್ಯನಿಗೆ ಸ್ವಲ್ಪ ಹೊತ್ತು ಬೇಕು.

ಕೊನೆಗೆ ಮುತ್ತಣ್ಣ, "ಯವ್ವಾ, ಗಾಡಿಗೆ ಎಣ್ಣಿ-ನೀರು ಹಾಕಿದಿ. ನನಗ್ಯಾವಾಗ ಹಾಕ್ತಿ?" ಎಂದ.

"ಥೂ, ಹೋಗೋ ಕಳ್ಳ!" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಲೆ ಬಟ್ಟಲಿನದು, ಕೆಳಗೆ ಕ್ಲಚ್ಚಿನದು, ಎರಡೂ ರಬ್ಬರನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಎಲ್ಲಿಂದಲೋ ತರಿಸಿ ಕೊಡುವಷ್ಟರಲ್ಲಿ ನರಕ ಚತುರ್ದಶಿ ಬಂತು. ಅಂದು ಬೆಳಿಗ್ಗೆ ಅಂಜಿನಮ್ಮ ಅವನನ್ನು ಮಣೆ ಮೇಲೆ ಕೂರಿಸಿ, ನೆತ್ತಿ ತಟ್ಟಿ ತಟ್ಟಿ ಎಣ್ಣೆ ಹಚ್ಚಿದಳು.

"ಸಾಕವ್ವಾ, ರಬ್ಬರ್ ಉಬ್ಬತೈತಿ!" ಎಂದು ಕೂಗಿಕೊಂಡ.

ಪೈಪು ತೊಳೆದು, ರಬ್ಬರು ಕೂರಿಸಿ, ಹೊಸ ಆಯಿಲ್ಲು ತುಂಬಿದೆವು. ಅಂಜಿನಮ್ಮ ಹತ್ತಿರ ಬರಲಿಲ್ಲ, ಹೊಸಲಿನಲ್ಲೇ ನಿಂತಿದ್ದಳು. ಮುತ್ತಣ್ಣನೇ ಹೋಗಿ ಕರೆತಂದು, ಅವಳ ಕೈಯನ್ನು ಹಿಡಿಯ ಮೇಲಿಟ್ಟ. ಒತ್ತಿದಳು, ಒಳಗೆ ಹೋಯಿತು. ಬಿಟ್ಟಳು, ಮೆತ್ತಗೆ ಈಚೆ ಬಂತು.

"ಯುಗಾದಿಗೆ ಬರ್ತೀನವ್ವ, ಹೋಳಿಗಿ ತೆಗೆದಿಡು," ಎಂದ.

ಹಬ್ಬ ಕಳೆದ ಸೋಮವಾರ ಮುತ್ತಣ್ಣ ಹೊಸಪೇಟೆಗೆ ಹೊರಟುಹೋದ.